ಓದುಗರ ಪ್ರಶ್ನೆ: ನಾನು ಓದುವುದು ಓದೇ ಅಲ್ವಾ?

ಹೋದ ತಿಂಗಳು ಇದೇ ಪುಟದಲ್ಲಿ ಕೇಳಿದ್ದೆ. ನೀವು ದಿನದಲ್ಲಿ ಯಾವಾಗ ಓದುತ್ತೀರಿ, ಎಲ್ಲಿ ಕೂತು ಓದುತ್ತೀರಿ, ಎಂಥ ಪುಸ್ತಕ ಇಷ್ಟ ಅಂತ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ಪತ್ರಗಳನ್ನೆಲ್ಲ ಓದಿದೆ. ಅವುಗಳಲ್ಲಿ ಬಹಳಷ್ಟು ಕಡೆ ಒಂದೇ ಅಂಜಿಕೆ ಕಂಡಿತು. ತಾವು ಓದುವುದು ಕಡಿಮೆ ದರ್ಜೆಯದು ಅಂತ ಯಾರೋ ಹೇಳಿದ್ದಾರೆ, ಇವರು ಅದನ್ನು ನಂಬಿಬಿಟ್ಟಿದ್ದಾರೆ. ಅಂಥ ಕೆಲವು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನನಗೆ 54 ವರ್ಷ. ಮಧ್ಯಾಹ್ನ ಎಲ್ಲರ ಊಟ ಆಗಿ, ಭಾಂಡೆ ತಿಕ್ಕಿ ಮುಗಿದ ಮೇಲೆ ಒಂದು ತಾಸು ಕಾದಂಬರಿ ಓದುತ್ತೇನೆ. ಅತ್ತೆ-ಸೊಸೆ, ಅಣ್ಣ-ತಮ್ಮ, ಮನೆತನದ ಕಥೆ ಅಂದ್ರೆ ನನಗೆ ಜೀವ. ಕಾಲೇಜಿಗೆ ಹೋಗುವ ಮಗ ‘ಅವ್ವಾ, ಇದೆಲ್ಲ ಸಾಹಿತ್ಯ ಅಲ್ಲ, ಬರೀ ಟೈಂಪಾಸು’ ಅನ್ನುತ್ತಾನೆ. ಈಗ ಅವನು ಬಂದರೆ ಪುಸ್ತಕವನ್ನು ದಿಂಬಿನ ಕೆಳಗೆ ಇಡುತ್ತೇನೆ. (ಬೀಳಗಿಯಿಂದ)

ಉತ್ತರ: ಅಕ್ಕಾವ್ರೆ, ಇವತ್ತೇ ಆ ಪುಸ್ತಕವನ್ನು ದಿಂಬಿನ ಕೆಳಗಿನಿಂದ ತೆಗೆಯಿರಿ. ನೀವು ಯಾವ ಊರಿನಿಂದ ಬರೆದಿದ್ದೀರಿ ನೋಡಿ! ಕನ್ನಡದ ಹೆಣ್ಣುಮಕ್ಕಳಿಗೆ ಮನೆತನದ ಕಥೆಯ ರುಚಿ ಹಚ್ಚಿದವರಲ್ಲಿ ಕೃಷ್ಣಮೂರ್ತಿ ಪುರಾಣಿಕರು ದೊಡ್ಡವರು, ಅವರು ನಿಮ್ಮ ಬೀಳಗಿಯವರೇ. ಅವರ ‘ಕುಲವಧು’ ಕಾದಂಬರಿ 1963ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯಿತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೂ ಅವರದೇ ಕಥೆ. ಆ ಕಾಲದಲ್ಲಿ ಶಾಲೆಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳ ಅಕ್ಷರ ಮರೆಯದೆ ಉಳಿದದ್ದು ಇಂಥ ಕಾದಂಬರಿಗಳಿಂದ. ನನ್ನ ತಾಯಿಯೂ ಅವರಲ್ಲಿ ಒಬ್ಬಳು. ಒಂದೇ ಪುಸ್ತಕ ಓಣಿಯ ಏಳೆಂಟು ಮನೆ ತಿರುಗಿ, ರಟ್ಟು ಹರಿದು, ಅರಿಶಿನದ ಬೆರಳಚ್ಚು ಹತ್ತಿಸಿಕೊಂಡು ವಾಪಸ್ ಬರುತ್ತಿತ್ತು. ಓದಿದವರು ನೀರಿಗೆ ಹೋದಾಗ ಆ ಸೊಸೆ ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳಾಡುತ್ತಿದ್ದರು. ಇದಕ್ಕಿಂತ ಒಳ್ಳೆ ಓದು ಯಾವುದಿದೆ ಹೇಳಿ.

ನಿಮ್ಮ ಮಗನ ಮೇಲೂ ಸಿಟ್ಟು ಬೇಡ. ಆ ವಯಸ್ಸಿನಲ್ಲಿ ಹೊಸದಾಗಿ ಒಂದು ಥರದ ಪುಸ್ತಕ ಹಿಡಿಸಿದರೆ ಉಳಿದದ್ದೆಲ್ಲ ಸಪ್ಪೆ ಅನ್ನಿಸುತ್ತದೆ. ಅವನಿಗೂ ನಿಮಗೂ ಇಬ್ಬರಿಗೂ ಹಿಡಿಸಬಹುದಾದ ಒಂದು ಪುಸ್ತಕ ಹೇಳುತ್ತೇನೆ, ರಾವಬಹಾದ್ದೂರರ ‘ಗ್ರಾಮಾಯಣ’. 1957ರಲ್ಲಿ ಬಂದದ್ದು. ಒಂದು ಹಳ್ಳಿ ಕಣ್ಣೆದುರೇ ಹಾಳಾಗುತ್ತಾ ಹೋಗುವ ಕಥೆ, ಜನ ಆಡುವ ಮಾತು ನಮ್ಮ ಕಡೆಯದೇ. ನೀವು ಇಷ್ಟು ವರ್ಷ ಮನೆಯೊಳಗಿನ ಒಡಕು ಓದಿದ್ದೀರಲ್ಲ, ಊರಿನ ಒಡಕು ನಿಮಗೆ ಅವನಿಗಿಂತ ಬೇಗ ತಿಳಿಯುತ್ತದೆ. ಆಮೇಲೆ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಓದಿ. ಹಿಡಿಸದಿದ್ದರೆ ಬಿಟ್ಟು ನಿಮ್ಮ ಕಾದಂಬರಿಗೇ ವಾಪಸ್ ಬನ್ನಿ. ಏನೂ ತಪ್ಪಿಲ್ಲ.

ಪ್ರಶ್ನೆ: ಪುಸ್ತಕ ಪ್ರದರ್ಶನ ಎಲ್ಲೇ ಇರಲಿ, ಚೀಲ ತುಂಬಿಕೊಂಡು ಬರುತ್ತೇನೆ. ಓದಲು ಕೂತರೆ ಅರ್ಧಕ್ಕೇ ನಿಲ್ಲುತ್ತದೆ. ಕಪಾಟು ನೋಡಿದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. (ಬೆಳಗಾವಿಯಿಂದ)

ಉತ್ತರ: 50 ಪುಟ ಓದಿ. ಅಷ್ಟರಲ್ಲಿ ಮನಸ್ಸು ಹತ್ತದಿದ್ದರೆ ಮುಚ್ಚಿಡಿ. ಕೆಲವು ಪುಸ್ತಕಗಳಿಗೆ ನಮ್ಮ ವಯಸ್ಸು ಇನ್ನೂ ಆಗಿರುವುದಿಲ್ಲ. ನಾನು ಮೂವತ್ತರಲ್ಲಿ ಬಿಟ್ಟ ಒಂದು ಕಾದಂಬರಿಯನ್ನು ಐವತ್ತೆರಡರಲ್ಲಿ ಎರಡೇ ರಾತ್ರಿಯಲ್ಲಿ ಮುಗಿಸಿದೆ. ಮತ್ತೆ ಎಂದೂ ಮುಟ್ಟುವುದಿಲ್ಲ ಅಂತ ಖಾತ್ರಿ ಇದ್ದ ಪುಸ್ತಕಗಳನ್ನು ಹತ್ತಿರದ ಶಾಲೆಗೋ ವಾಚನಾಲಯಕ್ಕೋ ಕೊಟ್ಟುಬಿಡಿ.

ಪ್ರಶ್ನೆ: ಪಿಎಸ್‌ಐ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಬೆಳಗ್ಗೆಯಿಂದ ರಾತ್ರಿವರೆಗೆ ಗ್ರಂಥಾಲಯದಲ್ಲೇ ಇರುತ್ತೇನೆ, ಆದರೆ ಗೈಡು ಮತ್ತು ಪ್ರಶ್ನೆಪತ್ರಿಕೆ ಬಿಟ್ಟು ಬೇರೆ ಏನನ್ನೂ ಮುಟ್ಟದೆ ಮೂರು ವರ್ಷ ಆಯಿತು. ಮೊದಲು ಕಥೆ ಅಂದ್ರೆ ಪ್ರಾಣ. ಈಗ ಕಥೆ ಪುಸ್ತಕ ಹಿಡಿದರೆ ಸಮಯ ಹಾಳು ಮಾಡಿದೆ ಅಂತ ಮನಸ್ಸು ಚುಚ್ಚುತ್ತದೆ. (ವಿಜಯಪುರದಿಂದ)

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಕರುಳು ಚುರ್ ಅಂದಿತು. ಮೂರು ವರ್ಷ ಪುಸ್ತಕಗಳ ನಡುವೆಯೇ ಇದ್ದು ಬೇಕಾದದ್ದನ್ನು ಮುಟ್ಟದೆ ಇರುವುದು ಸಣ್ಣ ಕಷ್ಟ ಅಲ್ಲ. ಕಾದಂಬರಿ ಈಗ ಬೇಡ, ಅದು ಹಿಡಿದರೆ ಬಿಡುವುದಿಲ್ಲ. ರಾತ್ರಿ ಮಲಗುವ ಮುಂಚೆ ಒಂದೇ ಒಂದು ವಚನ ಓದು. ಎರಡು ನಿಮಿಷ ಸಾಕು.

ವಚನ ಯಾಕೆ ಅಂದ್ರೆ, ನೀನು ಇರುವ ಊರಿಗೂ ಅದಕ್ಕೂ ಸಂಬಂಧ ಇದೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದರು. ಊರೂರು ತಿರುಗಿ, ಮನೆಗಳ ಜಗಲಿಯ ಮೇಲೆ ಬರೀ ಪೂಜೆಗೆ ಇಟ್ಟಿದ್ದ ತಾಡೋಲೆ ಕಟ್ಟುಗಳನ್ನು ಕೇಳಿ ಇಸಿದುಕೊಂಡು, ಪ್ರತಿ ಮಾಡಿ ಒಟ್ಟುಗೂಡಿಸಿದರು. ಅವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ 1925ರಲ್ಲಿ ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಇವತ್ತು ಅವರ ಹುಟ್ಟಿದ ದಿನ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತೇವೆ. ಈ ಇಸವಿಗಳು ನಿನ್ನ ಗೈಡಿನಲ್ಲೂ ಇರಬಹುದು. ಆದರೆ ಅವರು ಕೂಡಿಸಿಟ್ಟ ವಚನವನ್ನೇ ಓದುವುದು ಬೇರೆ. ಪರೀಕ್ಷೆ ಮುಗಿದ ರಾತ್ರಿಯೇ ಒಂದು ಕಥಾಸಂಕಲನ ತೆಗೆದುಕೋ. ಯಾವುದು ಅಂತ ಈಗಲೇ ಆರಿಸಿ ಇಡು.

ಪ್ರಶ್ನೆ: ಮನೆಯಲ್ಲಿ ಮರಾಠಿ, ಶಾಲೆಯೂ ಮರಾಠಿ. ಕನ್ನಡ ಮಾತು ಚೆನ್ನಾಗಿ ಬರುತ್ತದೆ. ನಲವತ್ತರ ಮೇಲೆ ಅಕ್ಷರ ಕಲಿತೆ. ಓದುವುದು ಬಹಳ ನಿಧಾನ. ಏನು ಓದಲಿ? (ನಿಪ್ಪಾಣಿ ತಾಲೂಕಿನ ಹಳ್ಳಿಯಿಂದ)

ಉತ್ತರ: ಅಣ್ಣಾವ್ರೆ, ನಿಮಗೆ ಮೊದಲು ಕೈಮುಗಿಯುತ್ತೇನೆ. ನಿಧಾನ ಆಗುವುದಕ್ಕೆ ಕಾರಣ ನಿಮ್ಮ ಬುದ್ಧಿ ಅಲ್ಲ, ಒತ್ತಕ್ಷರ. ಮರಾಠಿಯಲ್ಲಿ ಸಾಮಾನ್ಯವಾಗಿ ಮೊದಲಿನ ಅಕ್ಷರ ಅರ್ಧ ಆಗಿ ಪಕ್ಕದ್ದಕ್ಕೆ ಅಂಟುತ್ತದೆ. ನಮ್ಮಲ್ಲಿ ಎರಡನೆಯದು ಕೆಳಗೆ ಇಳಿಯುತ್ತದೆ, ಹಾಗಾಗಿ ಕಣ್ಣು ಕೆಳಗೂ ಓಡಬೇಕು. ಇನ್ನು ‘ಕರ್ಮ’ ಅಂತ ಬರೆದಾಗ ಅರ್ಕಾವತ್ತು ಮಕಾರದ ಆಚೆ ಕೂತಿರುತ್ತದೆ, ಉಚ್ಚಾರ ಮಾತ್ರ ಮಕಾರಕ್ಕಿಂತ ಮೊದಲು. ಇದಕ್ಕೆ ಔಷಧ ಒಂದೇ, ದಿನಾ ಒಂದು ಪುಟ ಬಾಯಿಬಿಟ್ಟು ಓದುವುದು. ನಿಮ್ಮ ಪಂಚಾಯ್ತಿಯ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಮಕ್ಕಳ ಪುಸ್ತಕ ಕೇಳಿ. ದೊಡ್ಡ ಅಕ್ಷರ, ಸಣ್ಣ ವಾಕ್ಯ. ಮಕ್ಕಳ ಪುಸ್ತಕ ಅಂತ ಸಂಕೋಚ ಬೇಡ. ಕೈ ಪಳಗಿದ ಮೇಲೆ ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಹಿಡಿಯಿರಿ. ಗಡಿ ಭಾಗದ ರೈತರ ಬದುಕು ಅದು. ನಿಮ್ಮ ಓಣಿಯಲ್ಲಿ ಕೇಳುವ ಮಾತು ಅಚ್ಚಿನಲ್ಲಿ ಕಂಡರೆ ಓದು ತಾನಾಗಿ ಓಡುತ್ತದೆ. ಮರಾಠಿ ಓದನ್ನೂ ಬಿಡಬೇಡಿ.

ಪ್ರಶ್ನೆ: ನಮ್ಮ ಮಾವನವರಿಗೆ 78. ಪುರಾಣ, ಪತ್ರಿಕೆ, ಸಿಕ್ಕಿದ್ದೆಲ್ಲ ಓದುತ್ತಿದ್ದರು. ಈಗ ಅಕ್ಷರ ಕಾಣುವುದಿಲ್ಲ. ಕಟ್ಟೆಯ ಮೇಲೆ ಸುಮ್ನೆ ಕೂತಿರುತ್ತಾರೆ. (ಇಂಡಿಯಿಂದ)

ಉತ್ತರ: ತಂಗೀ, ಮೊದಲ ಕೆಲಸ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು. ವಯಸ್ಸಾಯಿತು, ಇಷ್ಟೇ ಅಂತ ಕೈಬಿಡಬೇಡಿ. ಪೊರೆ ಬಂದಿದ್ದರೆ ಅದನ್ನು ತೆಗೆಸಬಹುದು.

ಎರಡನೆಯದು, ನೀವು ಓದಿ, ಅವರು ಕೇಳಲಿ. ನಮ್ಮ ಕಡೆ ಇದೇನೂ ಹೊಸದಲ್ಲ ಅಲ್ವಾ? ಶ್ರಾವಣ ಬಂದರೆ ಗುಡಿಯಲ್ಲಿ ಒಬ್ಬರು ಷಟ್ಪದಿ ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದ ಊರೆಲ್ಲ ಕಿವಿ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಕಣ್ಣಿನಿಂದ ಒಂದು ಸಾಲೂ ಓದದೆ ಬಾಯಿಪಾಠ ಹೇಳುವ ಹಿರಿಯರನ್ನು ನಾನು ನೋಡಿದ್ದೇನೆ. ನಾನು ಬೆಳೆದದ್ದು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ. ಅಪ್ಪ ಖಣ ನೇಯುತ್ತಿದ್ದ, ಓದು ಬರುತ್ತಿರಲಿಲ್ಲ. ಮಧ್ಯಾಹ್ನ ಮಗ್ಗ ನಿಂತಾಗ ನಾನು ಪೇಪರ್ ಓದಬೇಕು, ನಾಲ್ಕು ಮನೆಯ ಗಂಡಸರು ರೊಟ್ಟಿ ತಿನ್ನುತ್ತಾ ಕೇಳಬೇಕು. ತಪ್ಪಿ ಒಂದು ಸಾಲು ಹಾರಿಸಿದರೆ ಅಪ್ಪನಿಗೆ ಗೊತ್ತಾಗುತ್ತಿತ್ತು, ‘ಹಿಂದಕ್ಕ ಹೋಗು’ ಅನ್ನುತ್ತಿದ್ದ. ಅವನನ್ನು ನಾನು ಓದುಗ ಅಂತಲೇ ಲೆಕ್ಕ ಹಿಡಿಯುತ್ತೇನೆ.

ನಿಮಗೆ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ‘ಗರತಿಯ ಹಾಡು’ ಹುಡುಕಿ. ನಿಮ್ಮ ಕಡೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ತಂದ ಪುಸ್ತಕ. ಎಲ್ಲ ಮೂರು ಸಾಲಿನ ತ್ರಿಪದಿ. ಬೀಸುವ ಕಲ್ಲಿನ ಮುಂದೆ ಹುಟ್ಟಿದವು ಬಹಳ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ತ್ರಿಪದಿ ಓದಿದರೂ ಸಾಕು. ಎರಡು ಸಾಲು ಓದಿ ಸ್ವಲ್ಪ ತಡೆಯಿರಿ, ಮೂರನೇ ಸಾಲು ಮಾವನವರ ಬಾಯಿಂದಲೇ ಬಂದರೂ ಬರಬಹುದು. ಬಂದರೆ ಯಾವ ಹಾಡು ಅಂತ ನನಗೊಂದು ಪತ್ರ ಬರೆಯಿರಿ. ಅವರು ಹೇಳಿದ ಸಾಲು ಪುಸ್ತಕದ್ದಕ್ಕಿಂತ ಬೇರೆ ಇದ್ದರೆ ಅದನ್ನೂ ಬರೆದು ಕಳಿಸಿ.