ಅಮ್ಮನಿಗೆ ಹಳೆಯದರಿಂದ ತೋರಿಸಬೇಡಿ

ನಾನು ಗೇ ಅಂತ ಹೇಳುವ ಮೊದಲು ಅಮ್ಮನ ಮನಸ್ಸು ಹದ ಮಾಡಬೇಕು, ಅದಕ್ಕೆ ಅಮೆರಿಕದ ಟಿವಿಯಲ್ಲಿ ನಮ್ಮಂಥವರ ಪಾತ್ರಗಳು ಬಂದ ಕಥೆಯನ್ನು ಮೊದಲಿನಿಂದ ತೋರಿಸಲಾ ಅಂತ ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿದ್ದೆ.

ಅಮ್ಮ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದಿದ್ದರು. ರಾತ್ರಿ ಊಟ ಆದಮೇಲೆ ಒಂದೊಂದಾಗಿ ಹಾಕಿ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಶುರು ಮಾಡಿದ್ದು 1967ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಬಂದ 'ದಿ ಹೋಮೋಸೆಕ್ಷುಯಲ್ಸ್' ಸಾಕ್ಷ್ಯಚಿತ್ರದಿಂದ. ಅದರಲ್ಲಿ ಒಬ್ಬ ಕುಂಡದ ಗಿಡದ ಹಿಂದೆ ಮುಖ ಮರೆಸಿಕೊಂಡು ಮಾತಾಡುತ್ತಾನೆ. ಮನೋವೈದ್ಯರೊಬ್ಬರು ಇದು ಕಾಯಿಲೆ ಅನ್ನುತ್ತಾರೆ. "ಪಾಪ, ಅವನು ಏನು ತಪ್ಪು ಮಾಡಿದ್ದ?" ಅಂದರು ಅಮ್ಮ. ಅಮೆರಿಕದ ಮನೋವೈದ್ಯರ ಸಂಘವೇ 1973ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು ಅಂತ ವಿವರಿಸಿದೆ. ಅದು ಅವರ ಕಿವಿಗೆ ಬೀಳಲೇ ಇಲ್ಲ.

ಆಮೇಲೆ ಎನ್‌ಬಿಸಿ ವಾಹಿನಿಯಲ್ಲಿ 1985ರಲ್ಲಿ ಬಂದ 'ಆನ್ ಅರ್ಲಿ ಫ್ರಾಸ್ಟ್'. ಒಳ್ಳೆಯ ಟಿವಿ ಸಿನಿಮಾ, ಈಗಲೂ ಹಾಗೇ ಅಂತೀನಿ. ವಕೀಲ ಮಗ ಮನೆಗೆ ಬಂದು ತಾನು ಗೇ, ತನಗೆ ಏಡ್ಸ್ ಇದೆ ಅಂತ ಎರಡನ್ನೂ ಹೇಳುತ್ತಾನೆ. ಬಸುರಿ ಸೋದರಿ ಹತ್ತಿರ ಸುಳಿಯುವುದಿಲ್ಲ. ಆಂಬುಲೆನ್ಸ್‌ನವರು ಹತ್ತಿಸಿಕೊಳ್ಳುವುದಿಲ್ಲ. ಅಮ್ಮ ಬಟಾಣಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಇದನ್ನೆಲ್ಲ ಯಾಕೆ ತೋರಿಸ್ತಿದ್ದೀಯ ಅಂತ ಈಗ ಗೊತ್ತಾಯ್ತು ಕಣೋ. ನಿನಗೆ ಯಾವಾಗಿನಿಂದ ಇದೆ?"

ರಕ್ತಪರೀಕ್ಷೆಯ ವರದಿ ತೋರಿಸಿದರೂ ನಂಬಲಿಲ್ಲ. ಟಿಕೆಟ್ ಬದಲಾಯಿಸಿಕೊಂಡು ಬೇಗ ಊರಿಗೆ ಹೊರಟರು. ಎಷ್ಟೋ ಕಾಲ ವಿಡಿಯೋ ಕಾಲ್‌ನಲ್ಲಿ ಅದೊಂದೇ ಮಾತು: "ಇಳಿದು ಹೋಗಿದ್ದೀಯ ಅಲ್ವಾ?"

ನನ್ನ ತಪ್ಪು ಏನು ಗೊತ್ತಾ? ಇಸವಿ ಪ್ರಕಾರ ಹೋದರೆ ಕಷ್ಟದಿಂದ ಸುಖದ ಕಡೆ ಹೋದ ಹಾಗಾಗುತ್ತದೆ ಅಂದುಕೊಂಡೆ. ಮುಂದೇನಾಗುತ್ತದೆ ಅಂತ ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಅವರು ಪ್ರತಿ ಪಾತ್ರದಲ್ಲೂ ನನ್ನನ್ನೇ ಹುಡುಕುತ್ತಿದ್ದರು. ಆ ಕಾಲದ ಟಿವಿಯಲ್ಲಿ ನಾವು ಜಾಸ್ತಿ ಬಂದದ್ದೇ ರೋಗಿಗಳಾಗಿ, ಇಲ್ಲ ಯಾರಿಗೋ ಒಂದು ಸಮಸ್ಯೆಯಾಗಿ. ಬೇರೆ ಥರ ತೋರಿಸಿದರೆ ಜಾಹೀರಾತಿನವರು ಓಡುತ್ತಿದ್ದರು. 1989ರಲ್ಲಿ 'ಥರ್ಟಿಸಮ್‌ಥಿಂಗ್' ಧಾರಾವಾಹಿಯಲ್ಲಿ ಇಬ್ಬರು ಗಂಡಸರು ಹಾಸಿಗೆಯಲ್ಲಿ ಸುಮ್ನೆ ಮಾತಾಡಿದ್ದಕ್ಕೆ ಎಬಿಸಿ ವಾಹಿನಿ ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ಜಾಹೀರಾತು ಕಳೆದುಕೊಂಡಿತು. 1997ರಲ್ಲಿ 'ಎಲೆನ್' ಧಾರಾವಾಹಿಯಲ್ಲಿ ನಟಿ ಎಲೆನ್ ಡಿಜೆನೆರೆಸ್ ಪಾತ್ರ ವಿಮಾನ ನಿಲ್ದಾಣದ ಮೈಕಿನಲ್ಲಿ 'ನಾನು ಗೇ' ಅಂದದ್ದನ್ನು ಸುಮಾರು 4.2 ಕೋಟಿ ಜನ ನೋಡಿದರು. ಮರುವರ್ಷ ಆ ಧಾರಾವಾಹಿಯೇ ನಿಂತುಹೋಯಿತು. ಇಂಥ ಚರಿತ್ರೆಯನ್ನು ಹೆದರಿದ ತಾಯಿಯ ಮುಂದೆ ಇಡಬಾರದು.

ಇನ್ನೊಂದು ಮಾತು. ಮನಸ್ಸು ಹದ ಮಾಡುವ ಯೋಚನೆಯೇ ಸರಿಯಿಲ್ಲ. ನೀವು ಹೇಳಬೇಕಾದ್ದನ್ನು ಸೀರಿಯಲ್ ಬಾಯಲ್ಲಿ ಹೇಳಿಸಬೇಡಿ. ಎದುರು ಕೂತು ನೀವೇ ಹೇಳಿ. ಆರೋಗ್ಯವಾಗಿದ್ದೀನಿ ಅನ್ನುವುದನ್ನೂ ಅದೇ ಉಸಿರಲ್ಲಿ ಹೇಳಿ.

ಟಿವಿ ಆಮೇಲೆ. ಆಗ 2009ರಲ್ಲಿ ಶುರುವಾದ 'ಮಾಡರ್ನ್ ಫ್ಯಾಮಿಲಿ' ಹಾಕಿ. ಅದರಲ್ಲಿ ಮಿಚೆಲ್, ಕ್ಯಾಮರನ್ ಅನ್ನುವ ಗೇ ಜೋಡಿ, ಇಬ್ಬರೂ ದತ್ತು ಮಗಳನ್ನು ಸಾಕುತ್ತಾ ದಿನಾ ಕಿತ್ತಾಡುತ್ತಾರೆ. ಮಗನನ್ನು ಒಪ್ಪಿಕೊಳ್ಳಲು ತಡಕಾಡುವ ಅಪ್ಪನೂ ಇದ್ದಾನೆ. ನಮ್ಮಮ್ಮ ಕೊನೆಗೂ ನಕ್ಕಿದ್ದು ಅದನ್ನು ನೋಡಿಯೇ. 2018ರ 'ಪೋಸ್' ಧಾರಾವಾಹಿ ನನಗೆ ಪ್ರಾಣ, ಆದರೆ ಅದರಲ್ಲಿ 1980ರ ದಶಕದ ನ್ಯೂಯಾರ್ಕಿನ ಏಡ್ಸ್ ಕಾಲವಿದೆ. ಅದನ್ನು ಅಮ್ಮನೇ ಕೇಳುವವರೆಗೂ ಹಾಕಬೇಡಿ.