ಬಣ್ಣದ ನೀರಿಗೆ ಸಾಬೂನು ಪುಡಿ ಬೇಡ

ಪ್ರಶ್ನೆ: ಹತ್ತಿ ನೂಲಿನ ಲಡಿಗೆ ರಿಯಾಕ್ಟಿವ್ ಬಣ್ಣ ಹಾಕುತ್ತೇವೆ. ಎಷ್ಟು ತಿರುವಿದರೂ ಅಲ್ಲಲ್ಲಿ ತಿಳಿ ಕಲೆ ಉಳಿಯುತ್ತದೆ. ಬಣ್ಣದ ನೀರಿಗೇ ಒಂದು ಹಿಡಿ ಬಟ್ಟೆ ಒಗೆಯುವ ಪುಡಿ ಬೆರೆಸಬಹುದೇ?
– ಓದುಗರು, ಗುಳೇದಗುಡ್ಡ

ಉತ್ತರ: ಖಂಡಿತ ಬೆರೆಸಬೇಡಿ. ಆ ಪುಡಿಯಲ್ಲಿ ಸೋಡಾ ಇರುತ್ತದೆ. ರಿಯಾಕ್ಟಿವ್ ಬಣ್ಣ ಎಂದರೆ ಸೋಡಾ ಬಿದ್ದಾಗ ಎಳೆಗೆ ಕಚ್ಚಿಕೊಳ್ಳುವ ಬಣ್ಣ. ಅದು ಉಪ್ಪುನೀರಿನಲ್ಲಿ ಎಳೆ ಎಳೆಗೂ ಹರಡಿದ ಮೇಲಷ್ಟೇ ಸೋಡಾ ಬೀಳಬೇಕು. ಮೊದಲೇ ಬಿದ್ದರೆ ಲಡಿಯ ಹೊರಮೈ ಬಣ್ಣ ಕಚ್ಚಿಕೊಂಡು ಒಳಗಿನ ಎಳೆ ತಿಳಿಯಾಗಿಯೇ ಉಳಿಯುತ್ತದೆ, ಮಿಕ್ಕ ಬಣ್ಣ ನೀರಿನೊಡನೆ ಸೇರಿ ಕೆಲಸಕ್ಕೆ ಬಾರದಂತಾಗುತ್ತದೆ.

ನಿಮ್ಮ ಕಲೆಗಳ ಮೂಲ ಬಹುಮಟ್ಟಿಗೆ ಬಣ್ಣಕ್ಕೆ ಮೊದಲು ನೂಲು ಕುದಿಸುವಲ್ಲೇ ಇದೆ. ಹಸಿ ಹತ್ತಿಯ ಮೇಲೆ ಸಹಜವಾಗಿಯೇ ಮೇಣದ ಪದರವಿರುತ್ತದೆ. ನೀರು ಅದರ ಮೇಲೆ ಹನಿಯಾಗಿ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಇಲ್ಲಿ ಬೇಕಾದದ್ದು ಸರ್ಫ್ಯಾಕ್ಟಂಟ್, ಅಂಗಡಿಯವರು 'ವೆಟಿಂಗ್ ಆಯಿಲ್' ಎನ್ನುವುದು. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಮೇಣ. ಹೀಗಾಗಿ ನೀರು ಎಳೆಯೊಳಗೆ ನುಗ್ಗುತ್ತದೆ, ಬಿಟ್ಟ ಮೇಣ ತೇಲಾಡುತ್ತ ನೀರಲ್ಲೇ ಉಳಿಯುತ್ತದೆ, ಮತ್ತೆ ನೂಲಿಗೆ ಅಂಟುವುದಿಲ್ಲ.

1 ಕಿಲೋ ನೂಲಿಗೆ 20 ಲೀಟರ್ ನೀರು, ಕಾಸ್ಟಿಕ್ ಸೋಡಾ 30 ಗ್ರಾಂ, ಸೋಡಾ ಆ್ಯಶ್ 20 ಗ್ರಾಂ, ವೆಟಿಂಗ್ ಆಯಿಲ್ 20 ಗ್ರಾಂ. ಎರಡು ಗಂಟೆ ಕುದಿಸಿ. ಕೈಗವಸು ಹಾಕಿಕೊಳ್ಳಿ, ಕಾಸ್ಟಿಕ್ ಅನ್ನು ನೀರಿಗೆ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ನೂಲು ಮುಳುಗಿಯೇ ಇರಲಿ, ಮೇಲೆದ್ದ ಭಾಗ ಗಾಳಿ ತಗುಲಿ ಬಲ ಕಳೆದುಕೊಳ್ಳುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಲಡಿಯ ಮೇಲೆ ಒಂದು ಹನಿ ನೀರು ಬಿಡಿ. ಮೂರರಿಂದ ಐದು ಸೆಕೆಂಡಿನಲ್ಲಿ ಇಂಗಿದರೆ ಸರಿ. ಮುತ್ತಿನಂತೆ ನಿಂತರೆ ಮತ್ತೆ ಕುದಿಸಿ, ಬಣ್ಣಕ್ಕೆ ಕೈ ಹಾಕಬೇಡಿ.

ಬೋರ್‌ವೆಲ್ ನೀರಾದರೆ ಸಾದಾ ಸಾಬೂನು ಬೇಡವೇ ಬೇಡ. ಗಡಸು ನೀರಿನ ಸುಣ್ಣದ ಜೊತೆ ಸೇರಿ ಅದು ಜಿಗುಟು ಕೆನೆಯಾಗುತ್ತದೆ. ಆ ಕೆನೆ ಕೂತಲ್ಲೂ ಕಲೆಯೇ.

ಪ್ರಶ್ನೆ: ಕೆಂಪು ನೂಲು ಒಗೆದಷ್ಟೂ ಬಣ್ಣ ಬಿಡುತ್ತದೆ. ಸಾಬೂನು ನೀರಿಗೇ ಬಣ್ಣ ಬಿಡದಂತೆ ಹಿಡಿಯುವ ಫಿಕ್ಸರ್ ಹಾಕಿದರೆ ಹಾಲು ಒಡೆದಂತಾಯಿತು.
– ಓದುಗರು, ಇಳಕಲ್ಲ

ಉತ್ತರ: ಸಾಬೂನಿನದು ಋಣ ವಿದ್ಯುದಂಶ, ಸಾಮಾನ್ಯ ಫಿಕ್ಸರಿನದು ಧನ. ಎರಡೂ ಒಂದನ್ನೊಂದು ಹಿಡಿದು ಗರಣೆಗಟ್ಟುತ್ತವೆ. ಮೊದಲು ತಣ್ಣೀರಿನಲ್ಲಿ ಉಪ್ಪು, ಸೋಡಾ ಪೂರ್ತಿ ಹೋಗುವಂತೆ ತೊಳೆಯಿರಿ. ಉಪ್ಪು ಉಳಿದರೆ ಕಚ್ಚದ ಬಣ್ಣ ನೂಲು ಬಿಟ್ಟು ಬರುವುದಿಲ್ಲ. ನಂತರ ಬಿಸಿನೀರು. ಆಮೇಲೆ ಲೀಟರಿಗೆ 1ರಿಂದ 2 ಗ್ರಾಂ ಸೋಪಿಂಗ್ ಆಯಿಲ್ (ಕಚ್ಚದ ಬಣ್ಣ ತೊಳೆದು ತೆಗೆಯುವ ದ್ರವ) ಹಾಕಿ, ಕುದಿಯ ಹತ್ತಿರದ ಬಿಸಿಯಲ್ಲಿ 15 ನಿಮಿಷ. ಬಿಡುತ್ತಿದ್ದ ಕೆಂಪು ಹೋಗುವುದು ಇಲ್ಲೇ. ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಆಗಲೂ ಕೆಂಪು ಹತ್ತಿದರೆ ಮಾತ್ರ ಹೊಸ ನೀರಿನಲ್ಲಿ ಫಿಕ್ಸರ್ ಹಾಕಿ.