ನಸುಕಿನ ಮೂರರ ಇಬ್ಬನಿ

(ವಯಸ್ಸು, ಕ್ಲಬ್ಬಿನ ಗುರುತು, ಮನೆಯವರ ವಿವರ ಬದಲಿಸಿದೆ. ದಾಖಲಿಸಲು ಅವರ ಒಪ್ಪಿಗೆಯಿದೆ. ಪಿಚ್ಚಿನ ಅಳತೆ, ಲೆಕ್ಕಗಳನ್ನು ಮಾತ್ರ ಇದ್ದಂತೆಯೇ ಬಿಟ್ಟಿದೆ. ಅವನ್ನು ತೆಗೆದರೆ ಈ ಪ್ರಕರಣದಲ್ಲಿ ಉಳಿಯುವುದೇನೂ ಇಲ್ಲ.)

ಹುಬ್ಬಳ್ಳಿ–ಧಾರವಾಡದ ಒಂದು ಕ್ರಿಕೆಟ್ ಕ್ಲಬ್ಬಿನ ಗ್ರೌಂಡ್ಸ್‌ಮನ್ ಇವರು, ಪಿಚ್ಚು–ಮೈದಾನ ನೋಡಿಕೊಳ್ಳುವವರು. ಐವತ್ತು ದಾಟಿದೆ, ಅದೇ ನೆಲದಲ್ಲಿ ಇಪ್ಪತ್ತು ವರ್ಷದ ಮೇಲಾಯಿತು. ಆಡುವ ಹುಡುಗರಿಗೆಲ್ಲ ‘ಕಾಕಾ’. ಜನವರಿಯಲ್ಲಿ ಮಗಳು ಆಪ್ತಸಲಹೆಗೆ ಕರೆತಂದಳು. ‘ಅಪ್ಪ ಮನೀಗೇ ಬರವಲ್ರು ಮೇಡಮ್ಮರ. ಸ್ಟೋರ್‌ರೂಮಿನಾಗ ಮಲಗ್ತಾರ. ಈ ಸಲ ಎಳ್ಳ ಅಮಾಸಿ ಚರಗಾ ಚೆಲ್ಲಾಕೂ ಹೊಲಕ್ಕ ಬರಲಿಲ್ಲ’ ಎಂದಳು. ಹೊಲದಲ್ಲಿ ಎಡೆ ಚೆಲ್ಲಿ ಭೂಮಿಯನ್ನು ಪೂಜಿಸುವ ಈ ಚರಗ ತಪ್ಪಿಸಿದ್ದು ಇದೇ ಮೊದಲಂತೆ. ನವಲಗುಂದದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ಮನೆತನದವರು ಈ ಮಾತನ್ನು ಸುಮ್ಮನೆ ಹೇಳುವುದಿಲ್ಲ.

ರಾತ್ರಿ ಅಲ್ಲಿ ಏನು ಕೆಲಸ ಎಂದು ಕೇಳಿದಾಗ, ಮೂರಕ್ಕೆ ಎದ್ದು ಇಬ್ಬನಿ ನೋಡುತ್ತೇನೆ ಎಂದರು. ನೋಡಿ ಏನು ಮಾಡುತ್ತೀರಿ?

‘ಏನ್ ಮಾಡೂದೈತ್ರಿ. ನೋಡತೇನಿ.’

ಆದದ್ದು ಇಷ್ಟು. ಡಿಸೆಂಬರಿನಲ್ಲಿ ಎರಡು ದಿನ ಅಕಾಲಿಕ ಮಳೆ. ಮೂರನೆಯ ದಿನ ಲೀಗ್ ಪಂದ್ಯ. ಪಿಚ್ಚಿಗೆ ಹೊದಿಸಿದ್ದ ತಾಡಪತ್ರಿ ಹಳೆಯದು, ಅಗಲ ಸಾಲದ್ದು. ಒಂದು ಬದಿಯ ಮರಳ ಚೀಲ ಜಾರಿ, ಚೆಂಡು ಹೆಚ್ಚಾಗಿ ಬೀಳುವ ಗುಡ್ ಲೆಂಗ್ತ್ ಜಾಗಕ್ಕೇ ನೀರು ನುಸುಳಿತು. ಮತ್ತೆ ಮಳೆ ಬಂದೀತೆಂಬ ಅಂಜಿಕೆಯಲ್ಲಿ ಬಿಸಿಲು ಬಿದ್ದರೂ ಹೊದಿಕೆ ತೆಗೆಯಲಿಲ್ಲ. ಒಳಗೆ ಬೆವೆತ ನೆಲ ಇನ್ನಷ್ಟು ಮೆತ್ತಗಾಯಿತು. ಸಂಜೆ ಹೊದಿಕೆ ತೆಗೆದವರೇ ಒಂದು ಟನ್ನಿನ ರೋಲರ್ ಹತ್ತಿಸಿದರು. ಹಸಿ ಎರಿ ಮಣ್ಣಿನ ಮೇಲೆ ಭಾರದ ರೋಲರ್ ಹೋದರೆ ಮೇಲ್ಪದರ ಕನ್ನಡಿಯ ಹಾಗೆ ಮಿಂಚುತ್ತದೆ, ಒಣಗಿತೆಂದೇ ಕಾಣುತ್ತದೆ. ಆದರೆ ಮಣ್ಣಿನ ರಂಧ್ರಗಳೆಲ್ಲ ಮುಚ್ಚಿ ಕೆಳಗಿನ ತೇವ ಅಲ್ಲೇ ಉಳಿಯುತ್ತದೆ. ಮರುದಿನ ಬಿಸಿಲಿಗೆ ಆ ಪದರ ಹಪ್ಪಳದಂತೆ ಎದ್ದಿತು. ಒಂದು ಚೆಂಡು ಮುಖದ ಎತ್ತರಕ್ಕೆ, ಅದೇ ಜಾಗಕ್ಕೆ ಬಿದ್ದ ಇನ್ನೊಂದು ಕಣಕಾಲಿಗೆ. ಹನ್ನೊಂದನೆಯ ಓವರಿನಲ್ಲಿ ಅಂಪೈರ್‌ಗಳು ಆಟ ನಿಲ್ಲಿಸಿದರು. ಎರಡೂ ತಂಡಗಳ ಎದುರಿಗೆ ಕಾರ್ಯದರ್ಶಿ, ‘ಇಪ್ಪತ್ತು ವರ್ಷ ಏನ್ ಕಲತಿ?’ ಎಂದರು.

ಆ ಒಂದು ಮಾತಿನಿಂದ ಮುಂದಿನ ಮೂರು ವಾರದ ಕೆಲಸ ಹುಟ್ಟಿತು. ದಿನಾ ಸಂಜೆ ನೀರು. ಹಸಿರು ಬರಲೆಂದು ಒಂದೇ ಪಿಚ್ಚಿಗೆ 2 ಕಿಲೋ ಯೂರಿಯಾ. ದಿನಕ್ಕೆರಡು ಸಲ ರೋಲರ್. ಕರಕಿ ಹುಲ್ಲು ಚೇತರಿಸುವ ಬದಲು ಅಲ್ಲಲ್ಲಿ ದುಂಡಗೆ ಕಂದಿತು, ಅಂಚಿಗೆ ಪಾಚಿ ಹತ್ತಿತು. ಕಂದಿದಷ್ಟೂ ಇವರ ನೀರು ಹೆಚ್ಚಿತು. ಚಳಿಗೆಂದು ರಾತ್ರಿ ಒಂದು ಕ್ವಾರ್ಟರ್ ಸೇರಿಕೊಂಡಿತು.

ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 13 ಬಂತು. ಮಧ್ಯಮ ಪ್ರಮಾಣದ ಖಿನ್ನತೆ ಇರಬಹುದೆಂಬ ಸೂಚನೆ ಅದು. ರೋಗನಿರ್ಣಯ ಅದರಿಂದಲೇ ಆಗುವುದಿಲ್ಲ. ಒಂಬತ್ತನೆಯ ಪ್ರಶ್ನೆಗೆ, ಸಾಯುವ ಯೋಚನೆಯ ಪ್ರಶ್ನೆಗೆ, ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮಲಗಿದಾವ ಏಳಬಾರದು ಅನಸ್ತೈತ್ರಿ, ಒಮ್ಮೊಮ್ಮೆ’ ಎಂದರು. ಇಂಥಲ್ಲಿ ಸುತ್ತಿ ಬಳಸಿ ಕೇಳಬಾರದು. ಏನಾದರೂ ಮಾಡಿಕೊಳ್ಳುವ ವಿಚಾರ ಬಂದಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿಯೇ ಕೇಳಿದ್ದಾಯಿತು. ಇಲ್ಲ ಎಂದರು. ಆದರೂ ಅವರು ಒಬ್ಬರೇ, ಕುಡಿದು ಮಲಗುವ ಸ್ಟೋರ್‌ರೂಮಿನಲ್ಲಿ ಏನೇನಿದೆ ಎಂದು ವಿಚಾರಿಸಿದಾಗ ಶಿಲೀಂಧ್ರನಾಶಕದ ಪುಡಿ, ಕಳೆನಾಶಕ, ಇಲಿ ಪಾಷಾಣ ಎಲ್ಲ ಅದೇ ಕಪಾಟಿನಲ್ಲಿದ್ದವು. ಮೊದಲ ದಿನದ ಮೊದಲ ಸಲಹೆ ಪಿಚ್ಚಿನದೂ ಅಲ್ಲ, ಮನಸ್ಸಿನದೂ ಅಲ್ಲ: ಆ ಕಪಾಟಿಗೆ ಬೀಗ, ಕೀಲಿ ಕ್ಲಬ್ಬಿನ ಖಜಾಂಚಿಯ ಬಳಿ, ರಾತ್ರಿ ಮಲಗುವುದು ಮನೆಯಲ್ಲಿ. ಅಲ್ಲಿಂದಲೇ ಮಗಳು ಖಜಾಂಚಿಗೆ ಫೋನ್ ಮಾಡಿದಳು. ಹೊತ್ತಲ್ಲದ ಹೊತ್ತಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಂದೆ–ಮಗಳಿಬ್ಬರ ಫೋನಿನಲ್ಲೂ ಉಳಿಸಿಕೊಟ್ಟದ್ದಾಯಿತು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಂದು ಚೀಟಿ. ಅಲ್ಲಿ ಮನೋವೈದ್ಯರು ಮಾತ್ರೆ ಸದ್ಯ ಬೇಡ, ಎರಡು ವಾರ ಬಿಟ್ಟು ಬನ್ನಿ ಎಂದರು. ತಲೆನೋವು ಎನ್ನುತ್ತಿದ್ದುದರಿಂದ ಬಿ.ಪಿ. ನೋಡಿಸಿದಾಗ ಅದು ಏರಿತ್ತು, ಅದಕ್ಕೆ ಬೇರೆ ವೈದ್ಯರು.

ಎರಡನೆಯ ಭೇಟಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ನಕ್ಕರು. ಹತ್ತು ಕಾಲಂನ ನಿದ್ದೆಯ ನಮೂನೆ ಕೊಟ್ಟದ್ದೂ ತಪ್ಪೇ, ಖಾಲಿ ವಾಪಸು ಬಂತು. ಹಳೆಯ ಸ್ಕೋರ್ ಪುಸ್ತಕ ತಂದರೆ ಆಗುತ್ತದೆಯೇ ಎಂದು ಅವರೇ ಕೇಳಿದರು. ಮೂರಕ್ಕೆ ಎಚ್ಚರಾದರೆ ಒಂದು ಡಾಟ್, ಐದರ ತನಕ ಮಲಗಿದರೆ ಒಂದು ರನ್. ಮೊದಲ ವಾರ ಮೇಡನ್ ಓವರು.

ಫಲ ಕೊಟ್ಟ ಪ್ರಶ್ನೆ ಒಂದೇ. ನಿಮ್ಮ ಕೈಕೆಳಗಿನ ಹುಡುಗ ಇದನ್ನೆಲ್ಲ ಮಾಡಿದ್ದರೆ ಅವನಿಗೆ ಏನು ಹೇಳುತ್ತಿದ್ದಿರಿ? ತನ್ನ ತಪ್ಪಿಗೆ ತಾನು ಕೊಡುವ ಶಿಕ್ಷೆಯನ್ನು ಇನ್ನೊಬ್ಬನಿಗೆ ಯಾರೂ ಕೊಡುವುದಿಲ್ಲ, ಆದ್ದರಿಂದ ಆಪ್ತಸಲಹೆಯಲ್ಲಿ ಈ ಪ್ರಶ್ನೆ ಹಳೆಯದು. ಇಲ್ಲಿ ಅದು ಇನ್ನೊಂದು ಬಾಗಿಲನ್ನೂ ತೆರೆಯಿತು. ಅವರು ಮುಕ್ಕಾಲು ಗಂಟೆ ಮಾತಾಡಿದರು, ಧ್ವನಿ ಬೇರೆಯೇ ಆಗಿತ್ತು.

‘ಮೊದಲ ನೀರ್ ಬಂದ್ ಮಾಡಲೇ ಅಂತಿದ್ನಿ. ಥಂಡ್ಯಾಗ ರಾತ್ರಿ ಹದಿನೈದು ಡಿಗ್ರಿಗೆ ಇಳದ್ರ ಕರಕಿ ನಿದ್ದಿ ಹೊಡೀತೈತಿ, ಬೆಳ್ಯಾಂಗಿಲ್ಲ. ಅದು ನಿನ್ನ ತಪ್ಪಲ್ಲ, ಹವಾದ್ದು. ಬೆಳೀದಿದ್ದಕ್ಕ ನೀರ್ ಕುಡಸಿದ್ರ ಬೇರು ಮ್ಯಾಲ ಬರ್ತಾವ.’

ನೀರು ಕೊಡುವುದಿದ್ದರೆ ಐದಾರು ದಿನಕ್ಕೊಮ್ಮೆ, ಬೆಳಗಿನ ಒಂಬತ್ತರ ಮೇಲೆ, ಇಬ್ಬನಿ ಆರಿದ ನಂತರ. ಸಂಜೆ ಕೊಟ್ಟ ನೀರಿನ ಮೇಲೆ ರಾತ್ರಿಯ ಇಬ್ಬನಿ ಬಿದ್ದರೆ ಎಲೆ ಹದಿನಾರು ತಾಸು ಒದ್ದೆ ಇರುತ್ತದೆ, ಬೂಷ್ಟಿಗೆ ಅದಕ್ಕಿಂತ ಹಬ್ಬವಿಲ್ಲ. ಪಿಚ್ಚು 22 ಗಜ ಉದ್ದ, 10 ಅಡಿ ಅಗಲ, ಅಂದರೆ ಸುಮಾರು 61 ಚದರ ಮೀಟರ್. 10 ಮಿಲಿಮೀಟರ್ ನೀರು ಎಂದರೆ 610 ಲೀಟರ್, ಮೂರು ಬ್ಯಾರೆಲ್ಲು. ಯೂರಿಯಾದ ಲೆಕ್ಕವನ್ನು ಕಾಗದದ ಮೇಲೆ ಅವರಿಂದಲೇ ಹಾಕಿಸಲಾಯಿತು. ಯೂರಿಯಾದಲ್ಲಿ ಸಾರಜನಕ 46 ಶೇಕಡಾ. ಚದರ ಮೀಟರಿಗೆ 5 ಗ್ರಾಂ ಸಾರಜನಕ ಎಂದು ಹಿಡಿದರೂ ಒಂದು ಪಿಚ್ಚಿಗೆ ಮುಕ್ಕಾಲು ಕಿಲೋ ಯೂರಿಯಾ ಮುಟ್ಟುವುದಿಲ್ಲ. ಅದೂ ಹುಲ್ಲು ಬೆಳೆಯುವ ಕಾಲದಲ್ಲಿ. ಹಾಕಿದ್ದು ಅದರ ಮೂರು ಪಟ್ಟು, ಚಳಿಯಲ್ಲಿ. ಕಾಗದ ನೋಡುತ್ತ, ‘ಇದು ನನಗ ಗೊತ್ತಿದ್ದದ್ದರೀ’ ಎಂದರು.

ಗೊತ್ತಿದ್ದದ್ದೇ. ಈ ಪ್ರಕರಣದ ಗಂಟು ಅಲ್ಲಿತ್ತು. ಅಕ್ಟೋಬರಿನಲ್ಲಿ ಕೈಯಲ್ಲಿದ್ದ ವಿದ್ಯೆಯನ್ನು ಡಿಸೆಂಬರಿನ ಅಂಜಿಕೆ ಕಸಿದುಕೊಂಡಿತ್ತು. ಸುಮ್ಮನೆ ಕೂತರೆ ‘ಏನ್ ಕಲತಿ’ ಕೇಳಿಸುತ್ತದೆ, ಆದ್ದರಿಂದ ಏನಾದರೂ ಮಾಡುತ್ತಲೇ ಇರಬೇಕು. ಆ ಮಾಡುವಿಕೆಯೇ ಹುಲ್ಲನ್ನು ಕೊಳೆಸುತ್ತಿತ್ತು. ‘ಮನಸ್ಸಿಗೂ ನೆಲದ ಹಾಗೆ ವಿಶ್ರಾಂತಿ ಬೇಕು’ ಎಂಬ ಮಾತನ್ನು ಇಲ್ಲಿ ಬೇಕೆಂದೇ ಆಡಲಿಲ್ಲ. ನೆಲ ಗೊತ್ತಿದ್ದವರ ಮುಂದೆ ನೆಲದ ಉಪಮೆ ಹೇಳಿದರೆ ನಗೆಪಾಟಲು.

ರೋಲರಿನ ವಿಷಯ ಅವರು ಮೇಜಿನ ಮೇಲೆಯೇ ತೋರಿಸಿದರು. ಮಗಳ ಚೀಲದಿಂದ ಒಂದು ಪುಡಿಕೆ ಎರಿ ಮಣ್ಣು ಬಂತು. ಹಿಂದಿನ ಭೇಟಿಯಲ್ಲಿ ಕೇಳಿದ್ದಕ್ಕೆ ತಂದದ್ದು. ಚಿಟಿಕೆ ಮಣ್ಣು ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಹೊಸೆದರು. ದಪ್ಪ ಶ್ಯಾವಿಗೆಯಂತೆ ಎಳೆ ಬಂತು. 3 ಮಿಲಿಮೀಟರಿಗಿಂತ ತೆಳುವಾದರೂ ಎಳೆ ಹರಿಯದಿದ್ದರೆ ಮಣ್ಣು ಹಸಿ, ರೋಲರ್ ಹತ್ತಿಸಬಾರದು. 3 ಮಿಲಿಮೀಟರಿಗೆ ಬರುತ್ತಲೇ ಬಿರುಕು ಬಿಟ್ಟು ಮುರಿದರೆ ಹದ. ಎಳೆಯೇ ಆಗದೆ ಉದುರಿದರೆ ಒಣಗಿದೆ, ಆಗ ಎಷ್ಟು ಉರುಳಿಸಿದರೂ ಡೀಸೆಲ್ ದಂಡ. ಈ ಮಣ್ಣನ್ನು ಪಿಚ್ಚಿನ ಮೇಲ್ಮೈಯಿಂದಲ್ಲ, ಎರಡು ಇಂಚು ಕೆಳಗಿಂದ ಚೂರಿಯಲ್ಲಿ ಎಬ್ಬಿಸಿ ತೆಗೆಯಬೇಕು. ಪಿಚ್ಚಿನ ಹೊರ ಅಂಚಿನಲ್ಲಿ, ಆಟ ನಡೆಯದ ಕಡೆ. ಹದವಿದ್ದರೂ ಮೊದಲು ಹಗುರ ರೋಲರ್, ಆಮೇಲೆ ಭಾರದ್ದು, ನಡಿಗೆಯ ವೇಗಕ್ಕಿಂತ ನಿಧಾನ. ಮಸಾರಿ (ಕೆಂಪು ಮಣ್ಣಿನ) ನೆಲದ ಗ್ರೌಂಡಿನಿಂದ ಬಂದವರು ಎರಿ ಮಣ್ಣಿನಲ್ಲಿ ತಪ್ಪುವುದು ಇಲ್ಲಿಯೇ ಎಂದರು. ಮಸಾರಿ ಬೇಗ ಬಸಿಯುತ್ತದೆ. ಎರಿ ನೀರು ಕುಡಿದರೆ ಉಬ್ಬುತ್ತದೆ, ಬಿಡುವಾಗ ಕುಗ್ಗಿ ಬಿರಿಯುತ್ತದೆ, ಎರಡಕ್ಕೂ ಅದರದೇ ಸಮಯ ಬೇಕು.

ಹಾಗೆ ಅವರೇ ಹೇಳಿದ್ದನ್ನು ಅವರಿಗೇ ಬರೆಸಿ ಕೊಟ್ಟದ್ದು ಪಿಚ್ಚಿನ ಸಲಹೆ. ಕಂದಿದ ಹುಲ್ಲಿನ ಒಂದು ತುಣುಕು ಬೇರು ಸಮೇತ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೆ. ರೋಗ ಗೊತ್ತಾಗುವ ತನಕ ಔಷಧಿ ಇಲ್ಲ. ಎದ್ದ ಪದರವನ್ನು ಗಟ್ಟಿ ನೆಲ ಸಿಗುವವರೆಗೆ ಕೆರೆದು ತೆಗೆದು, ತಳವನ್ನು ಗೀರಿ ಒರಟು ಮಾಡಿ, ಸ್ವಲ್ಪವೇ ನೀರು ಚಿಮುಕಿಸಿ, ಅದೇ ಮೂಲದ ಎರಿ ಮಣ್ಣನ್ನು ಸಾಣಿಗೆ ಹಿಡಿದು ತುಂಬಿ, ದಿಮ್ಮಸಿನಿಂದ ಬಡಿಯುವುದು. ಬೇರೆ ಮಣ್ಣು ಹಾಕಿದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಜೋಡಣೆಯಲ್ಲೇ ಬಿರುಕು ಬರುತ್ತದೆ. ಬೋಳಾದಲ್ಲಿ ಕರಕಿ ನಾಟಿ ಈಗ ಬೇಡ, ಶಿವರಾತ್ರಿ ಹೊತ್ತಿಗೆ ನೆಲ ಬಿಸಿಯಾದ ಮೇಲೆ. ಅಲ್ಲಿಯ ತನಕ ಆ ಪಿಚ್ಚಿನಲ್ಲಿ ಪಂದ್ಯವಿಲ್ಲ.

ಇಬ್ಬನಿಗೆ ಮಾತ್ರ ಖಡಕ್ಕಾದ ಒಪ್ಪಂದ. ಮೂರಕ್ಕೆ ನೋಡಿದ ಇಬ್ಬನಿ ಏಳಕ್ಕೂ ಅಲ್ಲೇ ಇರುತ್ತದೆ. ಪಂದ್ಯದ ಹಿಂದಿನ ಸಂಜೆ ಪಿಚ್ಚಿಗೆ ಹೊದಿಕೆ, ಬೆಳಿಗ್ಗೆ ಏಳಕ್ಕೆ ಇಬ್ಬರು ಉದ್ದನೆಯ ಹಗ್ಗದ ಎರಡು ತುದಿ ಹಿಡಿದು ಔಟ್‌ಫೀಲ್ಡ್ ಮೇಲೆ ಎಳೆದುಕೊಂಡು ಹೋದರೆ ಹನಿ ಉದುರುತ್ತದೆ. ಕ್ವಾರ್ಟರಿನ ಮಾತು ಇಲ್ಲಿಯೇ ಬಂತು. ಮದ್ಯ ನಿದ್ದೆಗೆ ಬೇಗ ಕೆಡವುತ್ತದೆ, ಅಮಲು ಇಳಿಯುವ ಹೊತ್ತಿಗೆ ಎಬ್ಬಿಸುತ್ತದೆ. ಹನ್ನೊಂದಕ್ಕೆ ಮಲಗಿದವರ ಮೂರು ಗಂಟೆಯ ಎಚ್ಚರದಲ್ಲಿ ಇಬ್ಬನಿಯ ಪಾಲೆಷ್ಟು, ಬಾಟಲಿಯ ಪಾಲೆಷ್ಟು ನೀವೇ ನೋಡಿ ಎಂದು ಬಿಟ್ಟುಕೊಟ್ಟದ್ದು. ವಾರದಲ್ಲಿ ಅರ್ಧಕ್ಕೆ, ಮತ್ತೊಂದು ವಾರದಲ್ಲಿ ಪೂರ್ತಿ ನಿಲ್ಲಿಸುವುದು. ಕೈ ನಡುಗಿದರೆ, ಬೆವರಿದರೆ ಕಾಯದೆ ಆಸ್ಪತ್ರೆಗೆ. ಎಚ್ಚರಾದರೂ ಗ್ರೌಂಡಿಗೆ ಹೋಗುವಂತಿಲ್ಲ. ಎದ್ದು ಕೂತು, ನೀರು ಕುಡಿದು, ನಿದ್ದೆ ಬಂದಾಗ ಮತ್ತೆ ಹಾಸಿಗೆಗೆ.

ಕಾರ್ಯದರ್ಶಿಯವರನ್ನು ಕರೆಸಿದ್ದು ಇವರ ಒಪ್ಪಿಗೆ ಪಡೆದೇ. ಅವರೂ ಕೆಟ್ಟವರಲ್ಲ, ಎದುರಾಳಿ ತಂಡದ ಮುಂದೆ ತಮ್ಮ ಮಾನ ಹೋಯಿತೆಂಬ ಸಂಕಟ. ಕ್ರಿಕೆಟ್ ನಿಯಮ 6ರ ಪ್ರಕಾರ ಪಂದ್ಯಕ್ಕೆ ಮುನ್ನ ಪಿಚ್ ಆಯ್ಕೆ, ಸಿದ್ಧತೆಯ ಹೊಣೆ ಮೈದಾನದ ಆಡಳಿತದ್ದು. ಅಂದರೆ ಕ್ಲಬ್ಬಿನದು, ದಿನಗೂಲಿಯ ಒಬ್ಬ ಮನುಷ್ಯನದಲ್ಲ. ಆಟ ಶುರುವಾದ ಮೇಲೆ ಪಿಚ್ಚು ಅಂಪೈರ್‌ಗಳ ಸುಪರ್ದಿ. ಇದನ್ನು ತೋರಿಸಿದಾಗ ವಾದ ಮಾಡಲಿಲ್ಲ. ಹಾಗಾದರೆ ಹೊದಿಕೆಯ ಖರ್ಚೂ ನಮ್ಮದೇ ಅನ್ನಿ ಎಂದರು. ಹೌದು, ಅದೂ. 66 ಅಡಿ ಉದ್ದದ ಪಿಚ್ಚಿಗೆ 80 ಅಡಿ ಉದ್ದ, 20 ಅಡಿ ಅಗಲದ ಹೊಸ ತಾಡಪತ್ರಿ, ಅಂಚಿಗೆ ಆರಡಿಗೊಂದು ಮರಳ ಚೀಲ, ಮಳೆ ನಿಂತು ಬಿಸಿಲು ಬಿದ್ದೊಡನೆ ಒಂದು ಬದಿ ಎತ್ತಿ ಗಾಳಿ ಆಡಿಸಲು ಇಬ್ಬರು ಆಳು. ತುರ್ತಿಗೆ ಪಕ್ಕದಲ್ಲಿ ಮ್ಯಾಟಿಂಗ್ (ಆಡಲು ಹಾಸುವ ಚಾಪೆ) ಹಾಸಲು ಒಂದು ಪಟ್ಟಿ. ಹೇಳುವುದಿದ್ದರೆ ಆಫೀಸಿನಲ್ಲಿ ಕೂಡಿಸಿ ಹೇಳುವುದು, ಹುಡುಗರ ಮುಂದಲ್ಲ. ಕ್ಷಮೆ ಕೇಳಿ ಎಂದು ಒತ್ತಾಯಿಸಲಿಲ್ಲ. ಹೋಗುವಾಗ ಅವರೇ, ‘ಚಾ ಕುಡದ್ ಬರೋಣ ನಡಿಯೋ’ ಎಂದು ಕರೆದುಕೊಂಡು ಹೋದರು.

ನಾಲ್ಕನೆಯ ಭೇಟಿಗೆ ಪ್ರಶ್ನಾವಳಿಯ ಅಂಕ 7ಕ್ಕೆ ಇಳಿದಿತ್ತು, ಸ್ಕೋರ್ ಪುಸ್ತಕದಲ್ಲಿ ವಾರಕ್ಕೆ ಐದು ರನ್. ಫೆಬ್ರವರಿಯಲ್ಲಿ ಮತ್ತೆ ಹಿನ್ನಡೆ. ಪಂದ್ಯದ ಹಿಂದಿನ ರಾತ್ರಿ ಬೀದಿನಾಯಿಗಳು ಹೊದಿಕೆಯಡಿ ನುಗ್ಗಿ ಆಡುವ ಪಿಚ್ಚಿನಲ್ಲಿ ಎರಡು ಕಡೆ ಕೆದರಿದವು. ಮೂರು ರಾತ್ರಿ ಸತತ ಡಾಟ್. ನಾಲ್ಕನೆಯ ದಿನ ಫೋನ್ ಬಂತು. ಆ ಬೆಳಿಗ್ಗೆ ಏನು ಮಾಡಿದಿರಿ ಎಂದು ಕೇಳಿದಾಗ ಹೇಳಿದ್ದು: ತೂತು ಮುಟ್ಟಲಿಲ್ಲ, ಆರಕ್ಕೇ ಕಾರ್ಯದರ್ಶಿಗೆ ತಿಳಿಸಿದರು, ಮ್ಯಾಟಿಂಗ್ ಹಾಸಿದರು, ಆಟ ಅರ್ಧ ತಾಸು ತಡವಾಗಿ ನಡೆಯಿತು. ಮತ್ತೆ ಡಾಟ್ ಯಾಕೆ? ‘ಮೈಗೆ ರೂಢಿ ಬಿದ್ದೈತ್ರಿ, ಹೋಗ್ತೈತಿ.’ ಆ ಮೂರು ರಾತ್ರಿಯೂ ಗ್ರೌಂಡಿಗೆ ಹೋಗಿರಲಿಲ್ಲ, ಬಾಟಲಿಯನ್ನೂ ಮುಟ್ಟಿರಲಿಲ್ಲ. ಡಿಮ್ಹಾನ್ಸ್‌ನಲ್ಲಿ ಮಾತ್ರ ಗೊತ್ತಾದ ದಿನಕ್ಕಿಂತ ಒಂದು ವಾರ ಮೊದಲೇ ತೋರಿಸಿಕೊಳ್ಳಲು ಹೇಳಲಾಯಿತು. ಕಪಾಟಿನ ಕೀಲಿ ಈಗಲೂ ಖಜಾಂಚಿಯ ಬಳಿಯೇ ಇದೆ.

ಕೊನೆಯ ಭೇಟಿ ಗ್ರೌಂಡಿನಲ್ಲಿ, ಅವರ ಆಸೆಯಂತೆ. ಶಿವರಾತ್ರಿ ಕಳೆದಿತ್ತು. ಮೂರನೆಯ ಪಿಚ್ಚಿನ ಅಂಚಿನಲ್ಲಿ ಕೈಕೆಳಗಿನ ಹುಡುಗ ಕೂತು ಮಣ್ಣು ಹೊಸೆಯುತ್ತಿದ್ದ. ಎಳೆಯನ್ನು ಎತ್ತಿ ತೋರಿಸಿದ. ಅದು ತೂಗಾಡಿತು, ಹರಿಯಲಿಲ್ಲ.

‘ಕಾಕಾ, ರೋಲರ್ ತರ್ಲೇನು?’

‘ಇನ್ನೊಂದ್ ದಿನಾ ತಡಿ’ ಎಂದು ಇವರು ಬೇವಿನ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದರು.